ಬೆಳಕು ನೂರರಿಂದ ಮೂವತ್ತಕ್ಕೆ ಇಳಿದಿದೆ, ಅಮಿಲಾಯ್ಡ್ ನಾರು ಒಡೆದಿದೆ ಅಂತ ನಂಬಬಹುದಾ?

ತುಂಗೆಯ ದಡ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ನಾರುಗಳನ್ನು ಒಡೆಯುವಂಥ ಪುಟ್ಟ ಪೆಪ್ಟೈಡ್ ಹುಡುಕುವುದು ನನ್ನ ಪ್ರಾಜೆಕ್ಟ್. ಹೇಳಲು ದೊಡ್ಡದು, ಮಾಡುತ್ತಿರುವುದು ಸಣ್ಣದು.

ನಿಜವಾದ ಅಮಿಲಾಯ್ಡ್ ಬೀಟಾ 42 ಕೊಳ್ಳಲು ನಮ್ಮ ಹತ್ತಿರ ದುಡ್ಡಿಲ್ಲ. ಒಂದು ಮಿಲಿಗ್ರಾಂ ಬೆಲೆ ಕೇಳಿ ಗೈಡ್ ಸುಮ್ನೆ ಫೋನ್ ಕೆಳಗಿಟ್ಟರು. ಅದಕ್ಕೇ ಕೋಳಿಮೊಟ್ಟೆ ಬಿಳಿಯಲ್ಲಿರುವ ಲೈಸೋಝೈಮ್ ಎಂಬ ಪ್ರೋಟೀನ್ ಹಿಡಿದಿದ್ದೇನೆ. ಪಿಎಚ್ 2ಕ್ಕೆ, ಅಂದರೆ ತೀರಾ ಹುಳಿಗೆ ಇಳಿಸಿ, 60 ಡಿಗ್ರಿ ಬಿಸಿಯಲ್ಲಿ ತಿರುಗಿಸುತ್ತಾ ಬಿಟ್ಟರೆ ಕೆಲವು ದಿನದಲ್ಲಿ ಅದೂ ಅಂಥದೇ ನಾರು ಕಟ್ಟುತ್ತದೆ. ನಮ್ಮಲ್ಲಿ ಮಳೆಗೆ ಎರಡು ಸಲ ಕರೆಂಟ್ ಹೋಗಿ ನಾಲ್ಕು ದಿನದ ಕೆಲಸಕ್ಕೆ ಏಳು ದಿನ ಹಿಡಿಯಿತು. ಕೊನೆಗೆ ಟ್ಯೂಬ್ ಬಗ್ಗಿಸಿದರೆ ಒಳಗಿನದು ನೀರಿನ ಹಾಗೆ ಓಡದೆ ಗಂಜಿತಿಳಿ ಥರ ನಿಧಾನವಾಗಿ ಜಾರಿತು. ಆವತ್ತು ಕುಣಿದಾಡುವುದೊಂದು ಬಾಕಿ.

ಆಮೇಲೆ ಅದನ್ನು ಪಿಎಚ್ 7.4ರ ಫಾಸ್ಫೇಟ್ ಬಫರ್‌ಗೆ (ಪಿಎಚ್ ಏರಿಳಿಯದಂತೆ ಹಿಡಿದಿಡುವ ದ್ರಾವಣ) ಹಾಕಿ ತೆಳು ಮಾಡಿ, 96 ಗುಳಿಯ ಪ್ಲೇಟಿನಲ್ಲಿ 12 ಪೆಪ್ಟೈಡ್ ಪರೀಕ್ಷೆ ಮಾಡಿದೆ. ಎಲ್ಲವೂ 5ರಿಂದ 7 ಅಮೈನೋ ಆಸಿಡ್ ಉದ್ದದವು. ನಾರು ಎಷ್ಟಿದೆ ಎಂದು ಹೇಳುವುದು ಥಯೋಫ್ಲೇವಿನ್ ಟಿ ಬಣ್ಣ. ನಾರಿಗೆ ಅಂಟಿಕೊಂಡರೆ ಹೊಳೆಯುತ್ತದೆ, ಇಲ್ಲದಿದ್ದರೆ ಮಂಕು. ಪೆಪ್ಟೈಡ್ ಹಾಕದ ಗುಳಿಯ ಬೆಳಕನ್ನು 100 ಎಂದು ಇಟ್ಟುಕೊಂಡರೆ ಹನ್ನೊಂದು ಪೆಪ್ಟೈಡ್ 85ರಿಂದ 105ರ ನಡುವೆ ಓಡಾಡಿಕೊಂಡಿವೆ. ನಂಬರ್ 7 ಮಾತ್ರ 30. ಮೂರು ಗುಳಿಯಲ್ಲೂ ಅಷ್ಟೇ, ಮಾರನೇ ದಿನ ಮತ್ತೆ ಮಾಡಿದರೂ ಅಷ್ಟೇ.

ಗೈಡ್ ಆಗಲೇ ಪೇಪರ್ ಬರೆಯುವ ಮಾತಾಡುತ್ತಿದ್ದಾರೆ. ನನಗೆ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಇಷ್ಟು ಸುಲಭಕ್ಕೆ ಸಿಗುತ್ತಾ? ತಿಳಿದವರು ಹೇಳಿ.

ಹಾಳೆಟೊಪ್ಪಿ · ಸೋಮವಾರ ರಾತ್ರಿ

ತಂಗಿ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ ನಾನು. ಪಿಯುಸಿ ಸೈನ್ಸ್ ಅರ್ಧಕ್ಕೆ ಬಿಟ್ಟವನು. ನೀನು ಬರೆದದ್ದರಲ್ಲಿ ಗಂಜಿತಿಳಿ ಒಂದು ಅರ್ಥವಾಯಿತು. ನಾರು ಎಂದರೆ ಏನು, ಅದು ಒಡೆಯುವುದು ಎಂದರೆ ಏನು? ಯಾರಾದರೂ ನಮ್ಮಂಥವರಿಗೆ ತಿಳಿಯುವ ಹಾಗೆ ಹೇಳಿ ಮಾರಾಯ್ರೆ.

ಪೆಪ್ಟೈಡ್ ಪುಟ್ಟ · ಸೋಮವಾರ ರಾತ್ರಿ

ನಾನು ಹೇಳುತ್ತೇನೆ ಅಣ್ಣ. ಊರು ಕೊಪ್ಪ, ಈಗ ಬೆಂಗಳೂರಿನಲ್ಲಿ ಪೆಪ್ಟೈಡ್ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ.

ಊಟದ ಮನೆಯಲ್ಲಿ ಅಡಿಕೆ ಹಾಳೆ ತಟ್ಟೆಗಳನ್ನು ಒಂದರೊಳಗೊಂದು ಕೂರಿಸಿ ಕಟ್ಟು ಮಾಡಿರುತ್ತಾರೆ ಅಲ್ವಾ? ಅದನ್ನು ನೆನಪಿಸಿಕೊಳ್ಳಿ. ಪ್ರೋಟೀನ್ ಎಂದರೆ ಮಣಿಸರ, ಒಂದೊಂದು ಮಣಿಯೂ ಒಂದು ಅಮೈನೋ ಆಸಿಡ್. ಸರ ಪುಟ್ಟದಿದ್ದರೆ ಪೆಪ್ಟೈಡ್. ಆಲ್ಝೈಮರ್‌ನಲ್ಲಿ ಸುದ್ದಿಯಾಗುವ ಅಮಿಲಾಯ್ಡ್ ಬೀಟಾದಲ್ಲಿ 40 ಇಲ್ಲವೇ 42 ಮಣಿ. ಇದರಲ್ಲಿ 42ರದ್ದೇ ಹೆಚ್ಚು ತರಲೆ. ಈ ಸರ ಮಡಚಿಕೊಂಡು ಒಂದು ಚಪ್ಪಟೆ ತಟ್ಟೆಯ ಹಾಗಾಗುತ್ತದೆ, ಅದರ ಮೇಲೆ ಇನ್ನೊಂದು ಅದೇ ಆಕಾರದ್ದು ಬಂದು ಕೂರುತ್ತದೆ, ಅದರ ಮೇಲೆ ಇನ್ನೊಂದು, ಹೀಗೆ ಸಾವಿರಗಟ್ಟಲೆ. ತಟ್ಟೆಯಿಂದ ತಟ್ಟೆಗೆ 4.7 ಆಂಗ್‌ಸ್ಟ್ರಾಮ್ ದೂರ. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರ್‌ನ ಕೋಟಿಯಲ್ಲೊಂದು ಭಾಗ. ಆ ಉದ್ದನೆಯ ಕಟ್ಟೇ ನಾರು, ನಾವು ಫೈಬ್ರಿಲ್ ಅನ್ನುವುದು. ಒಂದೊಂದು ಹಿಡಿತ ಸಣ್ಣದೇ, ಆದರೆ ಸಾಲುಸಾಲಾಗಿ ಇರುವುದರಿಂದ ಎಳೆದರೆ ಬರುವುದಿಲ್ಲ. 1906ರಲ್ಲಿ ಆಲೋಯಿಸ್ ಆಲ್ಝೈಮರ್ ತಮ್ಮ ರೋಗಿಯ ಮಿದುಳಿನ ಬಗ್ಗೆ ಮೊದಲು ಮಾತಾಡಿದಾಗ ಹೇಳಿದ್ದು ಎರಡು ಸಂಗತಿ. ಜೀವಕೋಶಗಳ ಹೊರಗೆ ಕಲೆ, ಒಳಗೆ ಗಂಟು. ಹೊರಗಿನ ಕಲೆ ಅಮಿಲಾಯ್ಡ್ ಬೀಟಾ, ಒಳಗಿನ ಗಂಟು ಟೌ ಎಂಬ ಬೇರೆ ಪ್ರೋಟೀನ್. ಎರಡೂ ಹೀಗೆ ತಟ್ಟೆ ಪೇರಿಸಿದ ನಾರುಗಳೇ.

ಪುಟ್ಟ ಪೆಪ್ಟೈಡ್ ಮಾಡಬೇಕಾದ್ದು ಇಷ್ಟು. ತಾನೂ ಒಂದು ತಟ್ಟೆ ಎಂದು ಸುಳ್ಳು ಹೇಳಿ ಹೋಗಿ ಕೂರಬೇಕು, ಆದರೆ ತನ್ನ ಮೇಲೆ ಇನ್ನೊಂದನ್ನು ಕೂರಲು ಬಿಡಬಾರದು. ಕೆಎಲ್‌ವಿಎಫ್‌ಎಫ್ ಎಂಬ ಐದು ಮಣಿಯ ತುಂಡು ಈ ಕ್ಷೇತ್ರದ ಅಜ್ಜ ಇದ್ದ ಹಾಗೆ. ಅಮಿಲಾಯ್ಡ್ ಬೀಟಾದಲ್ಲೇ 16ರಿಂದ 20ರವರೆಗಿನ ತುಂಡು ಅದು, 1996ರಲ್ಲಿ ಬಂದದ್ದು. 1998ರಲ್ಲಿ ಅದೇ ಜಾಡಿನಲ್ಲಿ ಎಲ್‌ಪಿಎಫ್‌ಎಫ್‌ಡಿ ಬಂತು. ಅದರ ನಡುವೆ ಪ್ರೋಲಿನ್ ಇದೆ. ಪ್ರೋಲಿನ್ ಇದ್ದಲ್ಲಿ ಸರ ನೆಟ್ಟಗೆ ನಿಲ್ಲುವುದಿಲ್ಲ, ಸೊಟ್ಟಗಾಗುತ್ತದೆ. ಸೊಟ್ಟ ತಟ್ಟೆ ಸೇರಿಸಿದರೆ ಕಟ್ಟು ಕೂರುವುದಿಲ್ಲ ನೋಡಿ.

ತುಂಗೆಯ ದಡ, ನಿಮ್ಮ ನಂಬರ್ 7 ಏನು?

ತುಂಗೆಯ ದಡ · ಸೋಮವಾರ ರಾತ್ರಿ

ಕೆಎಲ್‌ವಿಎಫ್‌ಎಫ್‌ಗೆ ಎರಡು ಲೈಸಿನ್ ಮಣಿಯ ಬಾಲ. ನೀರಿನಲ್ಲಿ ಚೆನ್ನಾಗಿ ಕರಗಲಿ ಎಂದು ಬಾಲ ಹಾಕಿದ್ದು.

ಪೆಪ್ಟೈಡ್ ಪುಟ್ಟ · ಸೋಮವಾರ ರಾತ್ರಿ

ಹಾಗಾದರೆ ಒಂದು ಕೊಂಕು ಪ್ರಶ್ನೆ. ಕೆಎಲ್‌ವಿಎಫ್‌ಎಫ್ ಅಮಿಲಾಯ್ಡ್ ಬೀಟಾದ ತನ್ನದೇ ತುಂಡು, ಅದಕ್ಕೆ ಹೋಗಿ ಅಂಟುತ್ತದೆ ಸರಿ. ಲೈಸೋಝೈಮ್‌ಗೆ ಯಾಕೆ ಅಂಟಬೇಕು? ಬೇರೆಯವರ ಮನೆ ಬೀಗಕ್ಕೆ ನಮ್ಮ ಮನೆ ಕೀಲಿ ಹಾಕಿದ ಹಾಗೆ. ಎಲ್ಲ ಥರದ ನಾರನ್ನೂ ಕೆಡವುವ ವಸ್ತುಗಳು ಇಲ್ಲವೆಂದಲ್ಲ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಹಲವು ಥರದ ನಾರಿನ ಮೇಲೆ ಕೆಲಸ ಮಾಡುತ್ತದೆ. ಆದರೂ ನಿಮ್ಮ ಕೀಲಿ ಯಾಕೆ ತಿರುಗಿತು ಎಂದು ಕೇಳಿಕೊಳ್ಳಲೇಬೇಕು.

ಸಾಗರದ ಮೇಷ್ಟ್ರು · ಮಂಗಳವಾರ ಬೆಳಗ್ಗೆ

ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವನು. ಮಗು, ನನ್ನದು ಒಂದೇ ಪ್ರಶ್ನೆ. ಪೆಪ್ಟೈಡ್ ಹಾಕಿದ ಎಷ್ಟು ಹೊತ್ತಿಗೆ 30ಕ್ಕೆ ಇಳಿಯಿತು?

ತುಂಗೆಯ ದಡ · ಮಂಗಳವಾರ ಬೆಳಗ್ಗೆ

ಸರ್, ಹಾಕಿ ಪ್ಲೇಟ್ ಒಳಗಿಟ್ಟು ಮೊದಲ ರೀಡಿಂಗ್ ತೆಗೆಯುವಷ್ಟರಲ್ಲಿ. ಐದು ನಿಮಿಷ ಇರಬಹುದು. ಆಮೇಲೆ 24 ಗಂಟೆ ಬಿಟ್ಟರೂ ಅಲ್ಲೇ ನಿಂತಿದೆ.

ಸಾಗರದ ಮೇಷ್ಟ್ರು · ಮಂಗಳವಾರ ಬೆಳಗ್ಗೆ

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಏಳು ದಿನ ಕಟ್ಟಿದ ಗೋಡೆ ಐದು ನಿಮಿಷದಲ್ಲಿ ಬಿದ್ದು, ಬಿದ್ದದ್ದು ಮುಕ್ಕಾಲಿಗೆ ನಿಂತು, ಆಮೇಲೆ ಒಂದು ಇಟ್ಟಿಗೆಯೂ ಅಲುಗುವುದಿಲ್ಲವೆಂದರೆ ಬಿದ್ದದ್ದು ಗೋಡೆಯಲ್ಲ, ದೀಪ. ಆ ಬಣ್ಣಕ್ಕೆ ಏನೋ ಆಗಿದೆ.

ನೀನು ನಾರನ್ನು ನೋಡುತ್ತಿಲ್ಲ, ಬಣ್ಣವನ್ನು ನೋಡುತ್ತಿದ್ದೀಯ. ಥಯೋಫ್ಲೇವಿನ್‌ಗೆ ಪಾಸಿಟಿವ್ ಚಾರ್ಜ್ ಇದೆ. ನಿನ್ನ ಪೆಪ್ಟೈಡಿನಲ್ಲಿ ಮುಂದೊಂದು ಹಿಂದೆರಡು ಲೈಸಿನ್, ಅದೂ ಪಾಸಿಟಿವ್. ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಹೊಡೆದಾಡಿದ ಹಾಗೆ, ನಾರಿನ ಮೇಲಿನ ಜಾಗದಿಂದ ಪೆಪ್ಟೈಡ್ ಬಣ್ಣವನ್ನು ಎಬ್ಬಿಸಿ ತಾನು ಕೂತಿರಬಹುದು. ನಾರು ಇದ್ದ ಹಾಗೇ ಇದೆ, ಬೆಳಕು ಮಾತ್ರ ಹೋಯಿತು. ಬಣ್ಣವನ್ನು ಎರಡು ಪಟ್ಟು, ನಾಲ್ಕು ಪಟ್ಟು ಹಾಕಿ ನೋಡು, ಬೆಳಕು ವಾಪಸ್ ಬಂದರೆ ಕಳ್ಳ ಸಿಕ್ಕಿಬಿದ್ದ. ಇನ್ನೊಂದು, ಬಣ್ಣವನ್ನೇ ನಂಬದೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕೂರಿಸು. ನಾರು ಭಾರ, ತಳಕ್ಕೆ ಹೋಗುತ್ತದೆ. ನಿಜವಾಗಿ ಒಡೆದಿದ್ದರೆ ಮೇಲಿನ ತಿಳಿಯಲ್ಲಿ ಪ್ರೋಟೀನ್ ಜಾಸ್ತಿ ಸಿಗಬೇಕು. ಅದು 280 ನ್ಯಾನೋಮೀಟರ್ ಬೆಳಕನ್ನು ಎಷ್ಟು ನುಂಗುತ್ತದೆ ಎಂದು ಅಳೆ. ನಂಬರ್ 7ರಲ್ಲಿ ಇರುವುದು ಫಿನೈಲ್ ಅಲನಿನ್ ಮಣಿ, ಅದು 280ರಲ್ಲಿ ಕಾಣುವುದಿಲ್ಲ. ಲೈಸೋಝೈಮ್‌ನಲ್ಲಿ ಆರು ಟ್ರಿಪ್ಟೋಫ್ಯಾನ್ ಮಣಿ ಇವೆ, ಅವು 280ರಲ್ಲಿ ಚೆನ್ನಾಗಿ ಕಾಣುತ್ತವೆ. ಹಾಗಾಗಿ ಅಳತೆ ಸ್ವಚ್ಛ.

ಹಾಳೆಟೊಪ್ಪಿ · ಮಂಗಳವಾರ ಮಧ್ಯಾಹ್ನ

ನಡುವೆ ಬಾಯಿ ಹಾಕುತ್ತೇನೆ, ಬೈಯಬೇಡಿ. ಕೊಳೆರೋಗಕ್ಕೆ ನಾವು ಬೋರ್ಡೋ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಕಲಸಿದ ಮೇಲೆ ಕೊನೆಗಾರನ ಕೈಗೆ ಕೊಡುವ ಮೊದಲು ಅಪ್ಪ ಉಜ್ಜಿ ತೊಳೆದ ಕತ್ತಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಹುಳಿ ಇದೆ ಎಂದು ಅರ್ಥ, ಸುಣ್ಣ ಸೇರಿಸಬೇಕು. ಇಲ್ಲದಿದ್ದರೆ ಗೊನೆಯೇ ಸುಟ್ಟುಹೋಗುತ್ತದೆ.

ನೀನು ಆ ನಂಬರ್ 7ರ ಹುಳಿ ನೋಡಿದ್ದೀಯಾ ತಂಗಿ?

ಪೆಪ್ಟೈಡ್ ಪುಟ್ಟ · ಮಂಗಳವಾರ ಮಧ್ಯಾಹ್ನ

ಅಣ್ಣಾ!! ಇದು ನನಗೆ ಯಾಕೆ ಹೊಳೆಯಲಿಲ್ಲ?

ಪೆಪ್ಟೈಡ್ ಮಾಡುವ ಕೊನೆಯ ಹಂತದಲ್ಲಿ ಟ್ರೈಫ್ಲೋರೋ ಅಸೆಟಿಕ್ ಆಸಿಡ್ ಬಳಸುತ್ತಾರೆ. ಒಣಗಿಸಿ ಪುಡಿ ಮಾಡಿ ಕೊಟ್ಟರೂ ಅದು ಪೂರ್ತಿ ಹೋಗಿರುವುದಿಲ್ಲ. ಲೈಸಿನ್ ಜಾಸ್ತಿ ಇದ್ದಷ್ಟು ಅದನ್ನು ಹಿಡಿದುಕೊಳ್ಳುವುದೂ ಜಾಸ್ತಿ. ಬಫರ್ ತೆಳುವಾಗಿದ್ದರೆ ಗುಳಿಯೊಳಗೆ ಪಿಎಚ್ ಬಿದ್ದುಹೋಗುತ್ತದೆ, ಹುಳಿಯಲ್ಲಿ ಥಯೋಫ್ಲೇವಿನ್ ಬೆಳಕು ಕಮ್ಮಿ. ನಿಮ್ಮ ಬಫರ್ ಎಷ್ಟು?

ತುಂಗೆಯ ದಡ · ಮಂಗಳವಾರ ಸಂಜೆ

ಬಫರ್ 5 ಮಿಲಿಮೋಲಾರ್. ಈಗಷ್ಟೇ ಪಿಎಚ್ ಪೇಪರ್ ಅದ್ದಿ ಬಂದೆ. ನಂಬರ್ 7ರ ಸ್ಟಾಕ್‌ನಲ್ಲಿ, ಅಂದರೆ ಕರಗಿಸಿಟ್ಟ ಮೂಲ ದ್ರಾವಣದಲ್ಲಿ, ಪೇಪರ್ ಕೆಂಪಗಾಯಿತು, 2ರ ಹತ್ತಿರ. ಗುಳಿಯಲ್ಲಿ 4. ಉಳಿದ ಹನ್ನೊಂದರ ಗುಳಿಗಳು 7ರ ಆಸುಪಾಸಿನಲ್ಲೇ ಇವೆ. ಹತ್ತು ರೂಪಾಯಿಯ ಪೇಪರಿನ ಕೆಲಸಕ್ಕೆ ನಾನು ಎರಡು ವಾರ ಕನಸು ಕಂಡೆ. ತೀರ್ಥಹಳ್ಳಿ ಅಣ್ಣನಿಗೆ ಒಂದು ಕಾಫಿ ಬಾಕಿ.

ಹೊಸನಗರದ ಮಗಳು · ಮಂಗಳವಾರ ರಾತ್ರಿ

ನೀವೆಲ್ಲ ಮಾತಾಡುವುದನ್ನು ಓದುತ್ತಾ ಕೂತಿದ್ದೇನೆ. ನಮ್ಮ ಅಮ್ಮನಿಗೆ 74. ಎರಡು ವರ್ಷದಿಂದ ಮರೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುವಾಗುತ್ತದೆ. ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಿ ಗೌರಿ ಇನ್ನೂ ಬಂದಿಲ್ಲ, ಗುಡ್ಡದ ಕಡೆ ಯಾರನ್ನಾದರೂ ಕಳಿಸಿ ಎನ್ನುತ್ತಾರೆ. ಗೌರಿಯನ್ನು ಕೊಟ್ಟು ಹದಿನೈದು ವರ್ಷವಾಯಿತು. ಕೊಟ್ಟಿಗೆಯಲ್ಲಿ ಈಗ ಇರುವುದು ಸೌದೆ ಮತ್ತು ತಮ್ಮನ ಬೈಕು. ಅಮ್ಮ ಬೈಕಿನ ಸೀಟು ಸವರಿ, ಇದು ನಮ್ಮದಲ್ಲ ಎಂದು ವಾಪಸ್ ಬರುತ್ತಾರೆ.

ಮೊದಲು ತೋರಿಸಿದ ಕಡೆ ವಯಸ್ಸಾಯಿತು ಅಷ್ಟೇ ಎಂದು ಎರಡು ನಿಮಿಷದಲ್ಲಿ ಕಳಿಸಿಬಿಟ್ಟರು. ನೆಂಟರಿಷ್ಟರು ಒಂದೆಲಗದ ತಂಬುಳಿ ಮಾಡಿ ಹಾಕಿ, ಅರಿಶಿನ ಹಾಲು ಕೊಡಿ, ಅರಿಶಿನ ಅಮಿಲಾಯ್ಡ್ ಕರಗಿಸುತ್ತದೆ ಎಂದು ಸೈನ್ಸ್ ಹೇಳಿದೆ ಎನ್ನುತ್ತಾರೆ. ಹೌದಾ? ಮತ್ತೆ ಈ ಪೆಪ್ಟೈಡ್ ಔಷಧಿ ಯಾವಾಗ ಸಿಗುತ್ತದೆ?

ಸಾಗರದ ಮೇಷ್ಟ್ರು · ಮಂಗಳವಾರ ರಾತ್ರಿ

ಅಮ್ಮಾ, ತಂಬುಳಿ ಮಾಡಿ, ಮಧ್ಯಾಹ್ನ ಅನ್ನಕ್ಕೆ ಚೆನ್ನಾಗಿರುತ್ತದೆ, ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಆಗುತ್ತದೆ. ಔಷಧಿ ಎಂದು ಲೆಕ್ಕ ಇಡಬೇಡಿ. ಅರಿಶಿನದ ಕಥೆ ಮಾತ್ರ ಈ ಹುಡುಗಿಯ ನಂಬರ್ 7ರ ಅಕ್ಕನಂತೆಯೇ ಇದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಹಳದಿ. ಹಳದಿ ಎಂದರೆ ನೀಲಿ ಬೆಳಕು ನುಂಗುತ್ತದೆ ಎಂದರ್ಥ. ಥಯೋಫ್ಲೇವಿನ್‌ಗೆ ಕೊಡುವ ಬೆಳಕು 440 ನ್ಯಾನೋಮೀಟರ್ ಆಸುಪಾಸಿನದು, ಸರಿಯಾಗಿ ಕರ್ಕ್ಯುಮಿನ್ ನುಂಗುವ ಜಾಗ. ಬೆಳಕನ್ನು ದಾರಿಯಲ್ಲೇ ಕದ್ದರೆ ಬಣ್ಣ ಹೊಳೆಯುವುದಾದರೂ ಹೇಗೆ? ಈ ಪರೀಕ್ಷೆಯೊಂದನ್ನೇ ನಂಬಿದರೆ ನಾರು ಕರಗಿತು ಎಂದು ಬರೆದುಕೊಳ್ಳುವುದು ಬಹಳ ಸುಲಭ. ಅದೂ ಅಲ್ಲದೆ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ತೀರಾ ಕಡಿಮೆ.

ಗುಡ್ಡದ ಡಾಕ್ಟರ್ · ಬುಧವಾರ ಬೆಳಗ್ಗೆ

ಹೊಸನಗರದ ಅಕ್ಕನಿಗೆ. ಪೆಪ್ಟೈಡ್ ಆಮೇಲೆ, ಮೊದಲು ಇದು ಕೇಳಿ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯಾ? ಮಿದುಳಿನ ಸ್ಕ್ಯಾನ್? ಬಿ12, ಥೈರಾಯ್ಡ್ ಎರಡರ ಕೊರತೆಗಳೂ ಮರೆವಿನ ವೇಷ ಹಾಕಿಕೊಂಡು ಬರುತ್ತವೆ, ಅವಕ್ಕೆ ಮಾತ್ರೆ ಇದೆ. ಖಿನ್ನತೆಯೂ ಹಾಗೇ. ಕಿವಿ ಕೇಳಿಸುತ್ತಿದೆಯಾ ನೋಡಿ. ನರರೋಗ ತಜ್ಞರಿಗೆ ಒಮ್ಮೆ ತೋರಿಸಿ, ಆಗದಿದ್ದರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಸಂಜೆ ಹೊತ್ತಿಗೆ ಗೊಂದಲ ಹೆಚ್ಚುವುದು ಈ ಕಾಯಿಲೆಯಲ್ಲಿ ಮಾಮೂಲು. ಮನೆಯ ಲೈಟುಗಳನ್ನು ಕತ್ತಲಾಗುವ ಮೊದಲೇ ಹಾಕಿ. ಗೌರಿ ಇಲ್ಲ ಎಂದು ವಾದ ಮಾಡಬೇಡಿ. ನಾನು ನೋಡಿದ ಒಂದು ಮನೆಯಲ್ಲಿ ಸೊಸೆ, ಹಸು ಕಟ್ಟಿ ಆಯಿತು ಅತ್ತೆ, ಹುಲ್ಲೂ ಹಾಕಿದೆ, ಎಂದು ಹೇಳಿ ಕೈಹಿಡಿದು ಒಳಗೆ ಕರೆದುಕೊಂಡು ಬರುತ್ತಿದ್ದಳು.

ಔಷಧಿ ಯಾವಾಗ ಎಂದಿರಿ. ಈಗ ನಾವು ಕೊಡುವ ಡೊನೆಪೆಝಿಲ್ ಥರದವು ನಾರನ್ನು ಮುಟ್ಟುವುದೇ ಇಲ್ಲ, ಸ್ವಲ್ಪ ದಿನ ದಿನಚರಿಗೆ ಆಸರೆ ಅಷ್ಟೇ. ಅಮಿಲಾಯ್ಡ್ ತೆಗೆಯುವ ಆಂಟಿಬಾಡಿ ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. 1795 ಜನರ ಮೇಲೆ 18 ತಿಂಗಳ ಪರೀಕ್ಷೆ. ಕಾಯಿಲೆ ಇಳಿಯುವ ವೇಗ 27% ಕಡಿಮೆಯಾಯಿತು ಎಂಬುದು ಸುದ್ದಿ. ಅಂಕದಲ್ಲಿ ಹೇಳಿದರೆ 18 ಅಂಕದ ಅಳತೆಯಲ್ಲಿ 0.45ರ ವ್ಯತ್ಯಾಸ. ಮನೆಯವರ ಕಣ್ಣಿಗೆ ಅದು ಕಾಣುತ್ತದೋ ಇಲ್ಲವೋ ಎಂದು ಡಾಕ್ಟರುಗಳೇ ಇನ್ನೂ ಜಗಳವಾಡುತ್ತಿದ್ದಾರೆ. ಕೆಲವರಲ್ಲಿ ಮಿದುಳು ಊದಿಕೊಳ್ಳುವುದು, ರಕ್ತ ಜಿನುಗುವುದು ಉಂಟು. ಈ ಔಷಧಿ ಕೊಡುವುದೂ ಶುರುವಿನ ಹಂತದವರಿಗೆ ಮಾತ್ರ. ಪೆಪ್ಟೈಡ್ ಔಷಧಿ ಇವತ್ತು ಯಾರ ಅಂಗಡಿಯಲ್ಲೂ ಇಲ್ಲ. ಇದೆ ಎಂದು ಮಾರುವವರು ಬಂದರೆ ಬಾಗಿಲು ಹಾಕಿ.

ಹೊಸನಗರದ ಮಗಳು · ಬುಧವಾರ ಬೆಳಗ್ಗೆ

ಬಿ12 ಮಾಡಿಸಿಲ್ಲ ಡಾಕ್ಟ್ರೇ. ಯಾರೂ ಹೇಳಲೇ ಇಲ್ಲ. ಈ ವಾರವೇ ಮಾಡಿಸುತ್ತೇನೆ.

ಒಂದು ತಿಳಿಯಲಿಲ್ಲ. ನಾರು ಒಡೆದರೆ ನೆನಪು ವಾಪಸ್ ಬರಬೇಕಲ್ಲವಾ?

ಪೆಪ್ಟೈಡ್ ಪುಟ್ಟ · ಬುಧವಾರ ಮಧ್ಯಾಹ್ನ

ಅಕ್ಕ, ಸತ್ತ ನರಕೋಶ ಎದ್ದು ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ದೊಡ್ಡ ನಾರಿಗಿಂತ ಅದು ಕಟ್ಟುವ ಮೊದಲಿನ ಪುಟ್ಟ ಗುಂಪುಗಳು, ಆಲಿಗೋಮರ್ ಅನ್ನುತ್ತಾರೆ, ನರಕೋಶಕ್ಕೆ ಹೆಚ್ಚು ವಿಷ ಎಂದು ತೋರಿಸುವ ಕೆಲಸ ಬೇಕಾದಷ್ಟಿದೆ. ಹಾಗಾಗಿ ನಾರನ್ನು ಹೇಗೆಹೇಗೋ ಒಡೆದು ಚೂರು ಮಾಡಿದರೆ ಆ ಚೂರುಗಳೇ ಮತ್ತೆ ಮೊಳೆತು ಹೊಸ ನಾರಿಗೆ ಬೀಜವಾಗಬಹುದು. ಲಂಟಾನ ಕಡಿದು ಅಲ್ಲೇ ಬಿಟ್ಟ ಹಾಗೆ. ಒಡೆಯುತ್ತದಾ ಎಂದು ಕೇಳಿದರೆ ಸಾಲದು, ಒಡೆದು ಏನಾಯಿತು ಎಂದೂ ಕೇಳಬೇಕು. ತುಂಗೆಯ ದಡದವರು ಮಾಡುತ್ತಿರುವ ಸ್ಕ್ರೀನಿಂಗ್‌ನಲ್ಲಿ ಈ ಎರಡನೇ ಪ್ರಶ್ನೆಗೆ ಜಾಗವೇ ಇಲ್ಲ. ತಪ್ಪು ಅವರದಲ್ಲ, ಸುಮಾರು ಜನ ಹಾಗೇ ಮಾಡುತ್ತಾರೆ.

ಗುಡ್ಡದ ಡಾಕ್ಟರ್ · ಬುಧವಾರ ಮಧ್ಯಾಹ್ನ

ಸೇರಿಸುತ್ತೇನೆ. ಮಿದುಳಿನಲ್ಲಿ ಅಮಿಲಾಯ್ಡ್ ಕಲೆ ತುಂಬಿದ್ದರೂ ಸಾಯುವ ತನಕ ಚುರುಕಾಗಿದ್ದ ಹಿರಿಯರಿದ್ದಾರೆ. ಮರೆವಿನ ಜೊತೆ ಹೆಚ್ಚು ತಾಳೆಯಾಗುವುದು ಟೌ ಗಂಟು. ನನಗೇನೋ ಆ ಕಡೆ ಹುಡುಕುವುದು ವಾಸಿ ಅನ್ನಿಸುತ್ತದೆ.

ಪೆಪ್ಟೈಡ್ ಪುಟ್ಟ · ಬುಧವಾರ ರಾತ್ರಿ

ಹುಡುಕುತ್ತಿದ್ದಾರೆ ಡಾಕ್ಟ್ರೇ, ನನಗೆ ಈ ವಿಷಯದಲ್ಲಿ ತೀರಾ ಇಷ್ಟವಾದ ಕೆಲಸ ಅದೇ. ಉದ್ದವಾಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಪುಟ್ಟ ಪೆಪ್ಟೈಡಿಗೆ ಮೊದಲ ಶತ್ರು ನಮ್ಮ ದೇಹವೇ. ಹೊಟ್ಟೆಯಲ್ಲಿ, ರಕ್ತದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಕಾದು ಕೂತಿರುತ್ತವೆ. ಅಮೈನೋ ಆಸಿಡ್‌ಗಳಿಗೆ ಎಡಗೈ ರೂಪ, ಬಲಗೈ ರೂಪ ಎಂದು ಎರಡಿವೆ. ನಮ್ಮ ಪ್ರೋಟೀನ್‌ಗಳು ಕಟ್ಟಿರುವುದು ಎಡಗೈಯವುಗಳಿಂದ. ಬಲಗೈಯವುಗಳಿಂದ ಪೆಪ್ಟೈಡ್ ಕಟ್ಟಿದರೆ, ಅದನ್ನೇ ಡಿ-ಪೆಪ್ಟೈಡ್ ಅನ್ನುವುದು, ಕಿಣ್ವಗಳಿಗೆ ಅದು ಎಡಗಾಲಿಗೆ ಬಲಗಾಲಿನ ಚಪ್ಪಲಿ ಕೊಟ್ಟ ಹಾಗೆ, ಹಿಡಿತವೇ ಸಿಗುವುದಿಲ್ಲ. ಜರ್ಮನಿಯ ಯೂಲಿಷ್‌ನಲ್ಲಿ ಒಂದು ಗುಂಪು ಇದಕ್ಕೆ ಒಳ್ಳೆಯ ಉಪಾಯ ಮಾಡಿತು. ಅಮಿಲಾಯ್ಡ್ ಬೀಟಾವನ್ನೇ ಕನ್ನಡಿ ರೂಪದಲ್ಲಿ ತಯಾರಿಸಿಕೊಂಡು, ಫೇಜ್ ಎಂಬ, ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್‌ಗಳ ಮೈಮೇಲೆ ಕೋಟಿಗಟ್ಟಲೆ ಮಾಮೂಲಿ ಪೆಪ್ಟೈಡ್ ಬೆಳೆಸಿ, ಯಾವುದು ಅಂಟುತ್ತದೆಂದು ಆರಿಸಿದರು. ಆರಿಸಿದ್ದನ್ನು ಕನ್ನಡಿ ರೂಪದಲ್ಲಿ ಮಾಡಿದರೆ ಅದು ನಿಜವಾದ ಅಮಿಲಾಯ್ಡ್ ಬೀಟಾಗೆ ಅಂಟುತ್ತದೆ. ಹಾಗೆ ಸಿಕ್ಕ ಡಿ3 ಎಂಬುದರಲ್ಲಿ 12 ಮಣಿ. ಅದರ ತಲೆಮಾರಿನ ಒಂದು ಮಾತ್ರೆ ಮನುಷ್ಯರ ಮೇಲಿನ 2ನೇ ಹಂತದ ಪರೀಕ್ಷೆಯವರೆಗೂ ಹೋಗಿದೆ.

ಟೌ ಕಥೆ ಇನ್ನೂ ಮಜಾ. ಲಾಸ್ ಏಂಜಲೀಸ್‌ನ ಡೇವಿಡ್ ಐಸೆನ್‌ಬರ್ಗ್ ಅವರ ಲ್ಯಾಬ್. 2017ರಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ರೋಗಿಯ ಮಿದುಳಿನ ಟೌ ನಾರಿನ ಆಕಾರ ಕಂಡಿತ್ತು, ಅದು ಬೇರೆಯವರ ಕೆಲಸ. ಐಸೆನ್‌ಬರ್ಗ್ ಗುಂಪಿನ ಏಳು ಮಣಿಯ ಒಂದು ಡಿ-ಪೆಪ್ಟೈಡ್, ಸತ್ತ ರೋಗಿಗಳ ಮಿದುಳಿನಿಂದ ತೆಗೆದ ಟೌ ನಾರನ್ನೇ ಚೂರು ಮಾಡಿತು. ಕಿಣ್ವ ಇಲ್ಲ, ಜೀವಕೋಶದ ಇಂಧನವಾದ ಎಟಿಪಿ ಇಲ್ಲ, ಹೊರಗಿನಿಂದ ಶಕ್ತಿಯೇ ಇಲ್ಲ. ಅಷ್ಟು ಗಟ್ಟಿ ನಾರು ಒಡೆಯಲು ಬಲ ಎಲ್ಲಿಂದ ಬಂತು? 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಉತ್ತರ ಬರೆದರು. ಬಲ ಇರುವುದು ಹುರಿಯಲ್ಲಿ! ಟೌ ನಾರಿಗೆ ಎಡಹುರಿ. ಡಿ-ಪೆಪ್ಟೈಡ್‌ಗಳು ತಾವೇ ಸೇರಿ ಒಂದು ಸುಳ್ಳು ನಾರು ಕಟ್ಟುತ್ತವೆ, ಅದರ ಸ್ವಭಾವ ಬಲಹುರಿ. ಹಗ್ಗ ಹೊಸೆಯುವಾಗ ಉಲ್ಟಾ ಹುರಿ ಹಾಕಿದರೆ ಬಿಚ್ಚಿಕೊಳ್ಳುವ ಹಾಗೆ ಟೌ ಬಿಚ್ಚಿಕೊಳ್ಳುತ್ತದೆ.

ಹಾಳೆಟೊಪ್ಪಿ · ಬುಧವಾರ ರಾತ್ರಿ

ನಿಲ್ಲು ಪುಟ್ಟ. ಹಗ್ಗ ಹೊಸೆದವನು ನಾನು. ಅಜ್ಜನ ಜೊತೆ ಕೂತು ದನ ಕಟ್ಟುವ ಕಣ್ಣಿ, ದಾಬ ಎಲ್ಲ ಹೊಸೆದಿದ್ದೇನೆ. ಒಂದೊಂದು ಎಳೆಗೆ ಒಂದು ಕಡೆ ಹುರಿ ಹಾಕಿ, ಆಮೇಲೆ ಎಲ್ಲ ಎಳೆ ಸೇರಿಸಿ ಉಲ್ಟಾ ಕಡೆ ತಿರುಚಿದರೇನೇ ಹಗ್ಗ ನಿಲ್ಲುವುದು. ಉಲ್ಟಾ ಹುರಿಯಿಂದ ಗಟ್ಟಿಯಾಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ.

ಪೆಪ್ಟೈಡ್ ಪುಟ್ಟ · ಬುಧವಾರ ರಾತ್ರಿ

ಹೌದಣ್ಣ, ನನ್ನ ಹೋಲಿಕೆ ಹಳ್ಳ ಹಿಡಿಯಿತು. ಸರಿಯಾಗಿ ಹೇಳುತ್ತೇನೆ. ಸುಳ್ಳು ನಾರು ಟೌ ಮೈಗೆ ಅಂಟಿ ಬೆಳೆಯುವಾಗ ಅದಕ್ಕೆ ಬೇರೆ ದಾರಿಯಿಲ್ಲ, ಟೌ ಹೇಗಿದೆಯೋ ಹಾಗೆ ಎಡಹುರಿಯಲ್ಲೇ ನಿಲ್ಲಬೇಕಾಗುತ್ತದೆ. ತನ್ನ ಸ್ವಭಾವಕ್ಕೆ ವಿರುದ್ಧವಾಗಿ. ಒದ್ದೆ ಬಟ್ಟೆಯನ್ನು ಒಂದು ಕಡೆ ಹಿಂಡಿ ಹಿಡಿದುಕೊಂಡ ಹಾಗೆ ಬಿಗಿ ಕೂಡುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಅದು ತನ್ನ ಬಲಹುರಿಗೆ ಸರಕ್ಕನೆ ತಿರುಗಿಬಿಡುತ್ತದೆ. ಆ ತಿರುಚಿಗೆ ಟೌ ತಟ್ಟೆಗಳ ನಡುವಿನ ಹೈಡ್ರೋಜನ್ ಹಿಡಿತ ಅಲ್ಲಲ್ಲೇ ಕಿತ್ತುಹೋಗಿ ನಾರು ತುಂಡಾಗುತ್ತದೆ.

ಹಾಳೆಟೊಪ್ಪಿ · ಬುಧವಾರ ರಾತ್ರಿ

ಹಾ, ಇದು ಸರಿ. ಕೈ ತಪ್ಪಿದ ಹುರಿ ಮುಖಕ್ಕೆ ಹೊಡೆದದ್ದು ನೆನಪಿದೆ.

ತುಂಗೆಯ ದಡ · ಶುಕ್ರವಾರ ರಾತ್ರಿ

ಎರಡು ದಿನ ಲ್ಯಾಬ್‌ನಲ್ಲೇ ಇದ್ದೆ, ವರದಿ ಒಪ್ಪಿಸುತ್ತೇನೆ.

ಮೊದಲು ಹುಳಿ ಸರಿಮಾಡಿದೆ. ಬಫರ್ ಅನ್ನು 50 ಮಿಲಿಮೋಲಾರ್‌ಗೆ ಏರಿಸಿ, ಸ್ಟಾಕ್‌ಗೆ ಹನಿಹನಿಯಾಗಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 7ಕ್ಕೆ ತಂದೆ. 30 ಇದ್ದದ್ದು 62ಕ್ಕೆ ಏರಿತು. ಅರ್ಧಕ್ಕರ್ಧ ಸುಳ್ಳು ಅಲ್ಲಿಗೇ ಹೋಯಿತು. ಆದರೂ ನೂರಕ್ಕಿಂತ 38 ಕಮ್ಮಿಯೇ ಉಳಿಯಿತಲ್ಲ, ಎಂದು ಗೈಡ್ ಆಸೆಯಿಂದ ನೋಡಿದರು. ಮೇಷ್ಟ್ರು ಹೇಳಿದ ಹಾಗೆ ಬಣ್ಣ ನಾಲ್ಕು ಪಟ್ಟು ಮಾಡಿದೆ. ಪೆಪ್ಟೈಡ್ ಇಲ್ಲದ ಗುಳಿಗೆ ಹೋಲಿಸಿದರೆ 91. ಸೀಟಿಗೆ ಹೊಡೆದಾಟವೇ ಸರಿ. ಕೊನೆಗೆ 14,000 ಆರ್‌ಪಿಎಂನಲ್ಲಿ ಅರ್ಧ ಗಂಟೆ ತಿರುಗಿಸಿ ಮೇಲಿನ ತಿಳಿ ಅಳೆದೆ. ನಂಬರ್ 7 ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ಇಲ್ಲ. ಟ್ಯೂಬ್ ತಳದಲ್ಲಿ ಬೆಳ್ಳಗೆ ಹಪ್ಪಳದ ಚೂರಿನ ಹಾಗೆ ನಾರು ಆರಾಮಾಗಿ ಕೂತಿದೆ.

ಗೈಡ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ ಬನ್ಸ್ ಕೊಡಿಸಿದರು.

ಸಾಗರದ ಮೇಷ್ಟ್ರು · ಶುಕ್ರವಾರ ರಾತ್ರಿ

ನಿನ್ನ ಗೈಡ್ ಒಳ್ಳೆಯವರು. ಇದನ್ನೆಲ್ಲ ರಿಪೋರ್ಟ್‌ನಲ್ಲಿ ಹೀಗೇ ಬರೆ, ಪಿಎಚ್ ಪೇಪರ್ ಸಮೇತ.

ಪೆಪ್ಟೈಡ್ ಪುಟ್ಟ · ಶುಕ್ರವಾರ ರಾತ್ರಿ

ನನ್ನದೊಂದು ಎಚ್ಚರಿಕೆ. ತೀರಾ ಸಣ್ಣ ಚೂರುಗಳು ಆ ವೇಗಕ್ಕೆ ತಳಕ್ಕೆ ಹೋಗುವುದಿಲ್ಲ, ತಿಳಿಯಲ್ಲೇ ತೇಲುತ್ತವೆ. ಅಂದರೆ ತಿಳಿಯಲ್ಲಿ ಪ್ರೋಟೀನ್ ಜಾಸ್ತಿ ಸಿಕ್ಕರೂ ಅದು ಬಿಡಿ ಮಣಿಸರವೋ ವಿಷದ ಚೂರೋ ಎಂದು ಹೇಳಲಾಗದು. ಯಾವುದಾದರೂ ನಿಜವಾದ ಗೆಲುವು ಸಿಕ್ಕರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಾರೆ ನೋಡಲೇಬೇಕು. ಸ್ಯಾಂಪಲ್ ಬೆಂಗಳೂರಿಗೆ ಕಳಿಸಿ, ನಾನು ಮಾತಾಡಿ ನೋಡುತ್ತೇನೆ. ಮತ್ತೆ ಬೇಜಾರು ಬೇಡ. ಐದು ಮಣಿಯ ಪೆಪ್ಟೈಡ್ ಒಟ್ಟು 32 ಲಕ್ಷ ಥರ ಮಾಡಬಹುದು, ಆರು ಮಣಿಯದಾದರೆ 6 ಕೋಟಿ 40 ಲಕ್ಷ. ನೀವು 12 ನೋಡಿದ್ದೀರಿ.

ಹಾಳೆಟೊಪ್ಪಿ · ಶುಕ್ರವಾರ ರಾತ್ರಿ

ಇದು ಸಮಾಧಾನ ಮಾಡುವ ರೀತಿಯಾ ಪುಟ್ಟ?

ಹೊಸನಗರದ ಮಗಳು · ಶನಿವಾರ ಬೆಳಗ್ಗೆ

ಅಮ್ಮನ ಬಿ12 ಕಮ್ಮಿ ಬಂದಿದೆ. ಇಂಜೆಕ್ಷನ್ ಶುರುವಾಯಿತು. ಅದರಿಂದಲೇ ಪೂರ್ತಿ ಸರಿಹೋಗುತ್ತದೆ ಎಂದು ಯಾರೂ ಹೇಳಿಲ್ಲ, ಸ್ಕ್ಯಾನ್ ಇನ್ನೂ ಆಗಬೇಕು. ನಿನ್ನೆ ಸಂಜೆ ಗೌರಿ ಬಂದಳಾ ಎಂದರು. ಬಂದಳಮ್ಮ, ಹುಲ್ಲು ಹಾಕಿದೆ, ಎಂದೆ. ಕರು? ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಗುಡ್ಡದ ಡಾಕ್ಟರ್ · ಶನಿವಾರ ಬೆಳಗ್ಗೆ

ಕರುವನ್ನೂ ಕಟ್ಟಿಬಿಡಿ ಅಕ್ಕ. ಸ್ಕ್ಯಾನ್ ಆದಮೇಲೆ ರಿಪೋರ್ಟ್ ಹಿಡಿದುಕೊಂಡು ತಜ್ಞರ ಹತ್ತಿರ ಹೋಗಿ, ತಡ ಮಾಡಬೇಡಿ.

ತುಂಗೆಯ ದಡ · ಭಾನುವಾರ ಸಂಜೆ

ಒಂದು ವಿಷಯ. ತಡೆಯಲಾಗದೆ ಉಳಿದ ಹನ್ನೊಂದನ್ನೂ ತಿರುಗಿಸಿ ತಿಳಿ ಅಳೆದೆ. ನಂಬರ್ 4 ನೆನಪಿದೆಯಾ? ಇಲ್ಲ, ಅದರ ಬಗ್ಗೆ ನಾನು ಹೇಳಿಯೇ ಇಲ್ಲ. ಬಣ್ಣದಲ್ಲಿ ಅದು 92 ಇತ್ತು, ನಾನು ಪಕ್ಕಕ್ಕೆ ಇಟ್ಟಿದ್ದೆ. ಈಗ ನೋಡಿದರೆ ಅದರ ತಿಳಿಯಲ್ಲಿ 280ರ ಅಳತೆ ಪೆಪ್ಟೈಡ್ ಹಾಕದ್ದಕ್ಕಿಂತ ಎರಡು ಪಟ್ಟು! ಪಿಎಚ್ ನೋಡಿದೆ, 7.3. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಪುಟ್ಟಣ್ಣ ಹೇಳಿದ ಟೌ ಪೆಪ್ಟೈಡ್ ನೋಡಿ, ಅದೇ ಮಾದರಿಯಲ್ಲಿ ಮಾಡಿಸಿದ್ದು ಅದು. ಈ ಸಲ ಬಣ್ಣದ ಮಾತೇ ಇಲ್ಲವಲ್ಲ ಮೇಷ್ಟ್ರೇ, ಇದು ನಿಜವಿರಬಹುದಾ?

ಸಾಗರದ ಮೇಷ್ಟ್ರು · ಭಾನುವಾರ ಸಂಜೆ

ಆ ಪೆಪ್ಟೈಡಿನಲ್ಲಿ ಟ್ರಿಪ್ಟೋಫ್ಯಾನ್ ಇದೆಯಾ ಮಗು?

ತುಂಗೆಯ ದಡ · ಭಾನುವಾರ ರಾತ್ರಿ

ಇದೆ ಸರ್.

ಎರಡಿವೆ.